ಪರದೆಯ ಮೇಲೆ ನಿಂತುಬಿಟ್ಟ ಸಾಲು

ಮೊನ್ನೆ ಒಂದು ಭಾನುವಾರ ಮನೆಗೊಂದು ಹೊಸ ಪ್ರಿಂಟರ್ ತಂದೆ. ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಅದು ಕೇಳಿದ್ದಕ್ಕೆಲ್ಲ ಹೂಂ ಹೂಂ ಎಂದು ಒತ್ತುತ್ತಾ ಕೂತಿದ್ದೆ. ಇದ್ದಕ್ಕಿದ್ದಂತೆ ಪರದೆಯ ನಡುವೆ ಒಂದು ಕರಿಯ ಚೌಕ ತೆರೆಯಿತು. ಅದರಲ್ಲಿ ಬಿಳಿಯ ಅಕ್ಷರದ ಎರಡೋ ಮೂರೋ ಸಾಲು ಸರಸರನೆ ಓಡಿದವು. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಚೌಕ ಮುಚ್ಚಿಹೋಯಿತು. "ಏಯ್ ಏಯ್, ನಿಲ್ಲು!" ಎಂದು ಲ್ಯಾಪ್‌ಟಾಪನ್ನೇ ಗದರಿಸಿದೆ. ಅಡುಗೆಮನೆಯಿಂದ ಹೆಂಡತಿ, "ಯಾರ್ರೀ ಬಂದಿದ್ದು?" ಎಂದಳು. "ಯಾರೂ ಇಲ್ಲ ಕಣೇ, ಡಾಸ್ ಬಂದು ಹೋಯ್ತು" ಎಂದೆ. "ಕಾಫಿ ಕೊಡೋಣ ಅಂದ್ರೆ ಒಂದ್ನಿಮಿಷ ಕೂರ್ಸ್ಕೊಳ್ಳಬಾರದಾ?" ಎಂದಳು. ನಾನು ಬಿಡಿಸಿ ಹೇಳಲಿಲ್ಲ. ಬಿಡಿಸಿ ಹೇಳಬೇಕಾದರೆ ಇಪ್ಪತ್ತೈದು ವರ್ಷಕ್ಕೂ ಹಿಂದಿನ ಒಂದು ಪಜೀತಿಯನ್ನು ಹೇಳಬೇಕಾಗಿತ್ತು. ಅವಳಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ. ನಿಮಗೆ ಹೇಳುತ್ತೇನೆ. ನೀವು ನಮ್ಮ ಬೀಗರಲ್ಲ, ನೆಂಟರಲ್ಲ, ಹೆದರಿಕೆಯಿಲ್ಲ.

ಆಗಿನ ಕಂಪ್ಯೂಟರಿಗೆ ಬಣ್ಣವಿರಲಿಲ್ಲ, ಚಿತ್ರವಿರಲಿಲ್ಲ, ಕೈಯಲ್ಲಿ ಹಿಡಿದು ಓಡಾಡಿಸುವ ಮೌಸೂ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಕರಿಯ ಪರದೆ, ಬಿಳಿಯ ಅಕ್ಷರ, ಅಷ್ಟೇ. ಅದನ್ನೇ ಡಾಸ್ ಎನ್ನುತ್ತಿದ್ದರು. ಏನು ಮಾಡಬೇಕೆಂದು ನೀವು ಇಂಗ್ಲಿಷಿನಲ್ಲಿ ಟೈಪು ಮಾಡಿ ಅಪ್ಪಣೆ ಕೊಡಬೇಕು, ಅದು ಮಾಡಬೇಕು. ಒಂದು ಅಕ್ಷರ ತಪ್ಪಿದರೆ ಮುಖಕ್ಕೆ ಹೊಡೆದಂತೆ 'ಆಗುವುದಿಲ್ಲ' ಎನ್ನುತ್ತಿತ್ತು. ದಿನಾ ಅದೇ ಹತ್ತು ಅಪ್ಪಣೆ ಟೈಪು ಮಾಡಿ ಬೇಸತ್ತವರಿಗಾಗಿ ಒಂದು ಅನುಕೂಲವಿತ್ತು. ಆ ಹತ್ತನ್ನೂ ಒಂದು ಕಡತದಲ್ಲಿ ಸಾಲಾಗಿ ಬರೆದಿಟ್ಟರೆ, ಕಡತದ ಹೆಸರೊಂದನ್ನು ಒತ್ತಿದರೆ ಸಾಕು, ಯಂತ್ರವೇ ಮೇಲಿನಿಂದ ಕೆಳಗೆ ಓದಿಕೊಂಡು ಎಲ್ಲವನ್ನೂ ಮಾಡಿ ಮುಗಿಸುತ್ತಿತ್ತು. ಅದಕ್ಕೆ ಬ್ಯಾಚ್ ಫೈಲು ಎಂದು ಹೆಸರು.

ಈ ಬ್ಯಾಚ್ ಫೈಲಿಗೆ ಒಂದು ಚಾಳಿ. ಮಾಡುವ ಪ್ರತಿಯೊಂದು ಕೆಲಸವನ್ನೂ ಮಾಡುವುದಕ್ಕೆ ಮುಂಚೆ ಪರದೆಯ ಮೇಲೆ ಬರೆದು ತೋರಿಸುತ್ತಿತ್ತು. ನಮ್ಮ ಸೋದರತ್ತೆಯೊಬ್ಬಳಿದ್ದಳು, ಹೀಗೆಯೇ. "ಈಗ ಎಮ್ಮೆ ಕಟ್ಟಾಕ್ತೀನಿ ಕಣಮ್ಮ. ಈಗ ಒಲೆ ಅಚ್ತೀನಿ. ಈಗ ಎಸ್ರಿಗೆ ಇಕ್ತೀನಿ" ಎಂದು ಇಡೀ ದಿನ ತಾನು ಮಾಡುವುದನ್ನು ಕೂಗಿ ಹೇಳಿಕೊಂಡೇ ಮಾಡುತ್ತಿದ್ದಳು. ಅತ್ತೆಯ ಬಾಯಿ ಮುಚ್ಚಿಸುವ ಉಪಾಯ ಯಾರಿಗೂ ತಿಳಿದಿರಲಿಲ್ಲ. ಕಂಪ್ಯೂಟರಿಗೆ ಮಾತ್ರ ಇತ್ತು. ಕಡತದ ಮೊದಲಿಗೆ 'ಎಕೋ ಆಫ್' ಎಂದು ಬರೆದರೆ ಅದು ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತಿತ್ತು. ಅದರಲ್ಲೂ ಒಂದು ತಮಾಷೆಯೆಂದರೆ, ಬಾಯಿ ಮುಚ್ಚು ಎಂಬ ಆ ಅಪ್ಪಣೆಯನ್ನು ಮಾತ್ರ ಒಂದು ಸಲ ಬರೆದು ತೋರಿಸಿ ಆಮೇಲೆ ಮುಚ್ಚುತ್ತಿತ್ತು.

ಇಷ್ಟನ್ನು ನಾನು ಮಂಡ್ಯದ ಒಂದು ಮಹಡಿಯ ಮೇಲಿನ ಕ್ಲಾಸಿನಲ್ಲಿ ಆರು ತಿಂಗಳು ಚಪ್ಪಲಿ ಹೊರಗೆ ಬಿಟ್ಟು ಕಲಿತೆ. ಕಲಿತು ಮುಗಿಯುವಷ್ಟರಲ್ಲಿ ಮದ್ದೂರಿನ ಬಸ್ ಸ್ಟ್ಯಾಂಡಿನ ಎದುರು ಕ್ಯಾಸೆಟ್ ಅಂಗಡಿ ಇಟ್ಟಿದ್ದ ಸ್ವಾಮಣ್ಣ, ಕ್ಯಾಸೆಟ್ಟುಗಳನ್ನು ಒಂದು ಮೂಲೆಗೆ ತಳ್ಳಿ, ಕಂಪ್ಯೂಟರ್ ಒಂದನ್ನು ತಂದಿಟ್ಟು, 'ಕಂಪ್ಯೂಟರ್ ಜಾತಕ, ಸಾಲಾವಳಿ ನೋಡಲಾಗುವುದು' ಎಂದು ಬೋರ್ಡು ಬರೆಸಿದ್ದ. ಸ್ವಾಮಣ್ಣನಿಗೆ ಕಂಪ್ಯೂಟರೂ ಗೊತ್ತಿರಲಿಲ್ಲ, ಜಾತಕವೂ ಗೊತ್ತಿರಲಿಲ್ಲ. ಕಂಪ್ಯೂಟರ್ ಗೊತ್ತಿದ್ದ, ಜಾತಕ ಗೊತ್ತಿಲ್ಲದ ನಾನು ಅವನಿಗೆ ಸಿಕ್ಕಿದೆ. ಜಾತಕ ಗೊತ್ತಿದ್ದದ್ದು ಬೆಂಗಳೂರಿನಿಂದ ತರಿಸಿದ್ದ ಒಂದು ಫ್ಲಾಪಿಗೆ ಮಾತ್ರ.

ನಾನು ಕೆಲಸಕ್ಕೆ ಸೇರಿದ ವಾರದಲ್ಲೇ ಒಂದು ಬ್ಯಾಚ್ ಫೈಲು ಬರೆದೆ. ಹುಡುಗ ಹುಡುಗಿಯ ಹುಟ್ಟಿದ ದಿನ, ಹೊತ್ತು ಕೊಟ್ಟು ಒಂದು ಹೆಸರು ಒತ್ತಿದರೆ ಲೆಕ್ಕ ಹಾಕಿ, ಫಲ ಬರೆದು, ಪ್ರಿಂಟರಿಗೆ ಕಳಿಸುವ ತನಕ ಎಲ್ಲವೂ ತಾನೇ ಆಗುತ್ತಿತ್ತು. ಮೊದಲ ಸಾಲಿಗೆ ಎಕೋ ಆಫ್ ಹಾಕಿದ್ದೆ. ಪರದೆ ತೊಳೆದಿಟ್ಟ ಬಾಣಲೆಯಂತೆ ಕಪ್ಪಗೆ, ನೀಟಾಗಿ ಇರುತ್ತಿತ್ತು. ಎಂಥ ಶಿಸ್ತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಮೊದಲ ಗಿರಾಕಿಯಾಗಿ ಬಂದ ಅಜ್ಜಿ ಮಾತ್ರ ಆ ಕಪ್ಪು ಪರದೆಯನ್ನೇ ಐದು ನಿಮಿಷ ದುರುಗುಟ್ಟಿಕೊಂಡು ನೋಡಿ ಸ್ವಾಮಣ್ಣನ ಕಡೆ ತಿರುಗಿದಳು.

"ಏನ್ಲಾ ಸ್ವಾಮಿ, ಇದು ಸುಮ್ಕೆ ಕುಂತದಲ್ಲ?"

"ಲೆಕ್ಕ ಆಕ್ತಾ ಅದೆ ಕಣಜ್ಜಿ."

"ಎಲ್ಲಾಕ್ತಾ ಅದೆ? ಕಣ್ಣಿಗೆ ಕಾಣ್ಬ್ಯಾಡ್ವಾ? ನಮ್ಮ ಐನೋರು ಬೆಳ್ಳಾದ್ರೂ ಮಡುಸ್ತಾರೆ."

ಅಜ್ಜಿ ಎದ್ದು ಹೋದಳು. ಆ ವಾರ ಇನ್ನೂ ನಾಲ್ಕು ಮಂದಿ ಎದ್ದು ಹೋದರು. ಸ್ವಾಮಣ್ಣ ನನ್ನ ಮುಂದೆ ಬಂದು ನಿಂತು, "ಲೇ, ಅದೇನೋ ಬಾಯ್ ಮುಚ್ಚೋ ಸಾಲು ಆಕಿದ್ದೀನಿ ಅಂದಲ್ಲ, ಅದ ತಗ್ದು ಬಿಸಾಕು. ಮಿಸಿನ್ನು ಕಷ್ಟ ಬೀಳೋದು ಜನಕ್ಕೆ ಕಾಣ್ಬೇಕು ಕಣ್ಲಾ" ಎಂದ. ತೆಗೆದೆ. ತೆಗೆದದ್ದೇ ತಡ, ಪರದೆಯ ಮೇಲೆ ಅಪ್ಪಣೆಗಳ ಸಾಲು ಒಂದರ ಹಿಂದೆ ಒಂದು ಏರತೊಡಗಿದವು. ಗಿರಾಕಿಗಳು ಮುಂದಕ್ಕೆ ಬಗ್ಗಿ ಕೂತರು. ಅವರ ಆಸೆ ಕಂಡು ನನಗೂ ಹುರುಪು ಬಂತು. ಯಂತ್ರದೊಳಗಿರುವ ಕಡತಗಳ ಹೆಸರನ್ನೆಲ್ಲ ಪಟ್ಟಿ ಮಾಡಿ ತೋರಿಸುವ ಒಂದು ಅಪ್ಪಣೆಯನ್ನು ನಡುವೆ ಸೇರಿಸಿದೆ. ಜಾತಕಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ, ಆದರೆ ಅಕ್ಷರಗಳು ಜಲಪಾತದಂತೆ ಓಡುತ್ತಿದ್ದವು. ಜನ ಕೈಮುಗಿದರು. ಒಬ್ಬರಂತೂ, "ಒಸಿ ಜಾಸ್ತಿ ಓಡ್ಸಪ್ಪ, ದೊಡ್ಡ್ ಮಗಳ ಜಾತ್ಕ ಇದು" ಎಂದು ಕೇಳಿಕೊಂಡರು. ಓಡಿಸಿದೆ.

ಇಲ್ಲೊಂದು ಮಾತು ಹೇಳಬೇಕು. ಹೀಗೆ ಓಡಿಸಿದ ಎರಡು ವರ್ಷದಲ್ಲಿ ಓಡುವ ಅಕ್ಷರವನ್ನು ನೋಡಿದವರು ನೂರಾರು ಮಂದಿ, ಓದಿದವರು ಒಬ್ಬರೂ ಇಲ್ಲ. ಓದಲಿಕ್ಕೆ ಬರುತ್ತಿದ್ದವರೂ ಓದಲಿಲ್ಲ. ದೇವಸ್ಥಾನದಲ್ಲಿ ಮಂತ್ರದ ಅರ್ಥ ಯಾರು ಕೇಳುತ್ತಾರೆ ಹೇಳಿ? ಕೊನೆಕೊನೆಗೆ ನಾನೂ ಓದುವುದನ್ನು ಬಿಟ್ಟೆ. ನನಗೆ ಬಂದ ಕೇಡಿಗೆ ಅದೇ ಕಾರಣ.

ಈಗ ನಮ್ಮ ರತ್ನಕ್ಕನ ವಿಷಯಕ್ಕೆ ಬರುತ್ತೇನೆ. ನನ್ನ ಒಬ್ಬಳೇ ಅಕ್ಕ. ನಮ್ಮದು ನಿಡಘಟ್ಟ. ಅವಳು ಮಳವಳ್ಳಿಯ ಒಂದು ಶಿಶುವಿಹಾರದಲ್ಲಿ ಟೀಚರಾಗಿದ್ದಳು. ದಿನಾ ಬೆಳಿಗ್ಗೆ ಮದ್ದೂರಿಗೆ ಬಂದು ಮಳವಳ್ಳಿ ಬಸ್ಸು ಹತ್ತಬೇಕು. ಅದೇ ಬಸ್ಸಿನಲ್ಲಿ ಮಳವಳ್ಳಿಯಿಂದ ಬಂದು ಮದ್ದೂರಿನಲ್ಲಿ ಇಳಿಯುತ್ತಿದ್ದವನು ಮಾದೇಶ ಎಂಬ ಹುಡುಗ, ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಅವನು ಇಳಿಯುವಾಗ ಇವಳು ಹತ್ತುವುದು, ಸಂಜೆ ಇವಳು ಇಳಿಯುವಾಗ ಅವನು ಹತ್ತುವುದು. ದಿನಕ್ಕೆ ಎರಡು ಸಲ, ಒಂದೊಂದು ನಿಮಿಷ. ಕಿಟಕಿ ಪಕ್ಕದ ತನ್ನ ಸೀಟನ್ನು ಅವನು ಇವಳು ಹತ್ತಿ ಬರುವ ತನಕ ಬಿಟ್ಟುಕೊಡದೆ ಕೂತಿದ್ದು, ಇವಳು ಬಂದ ಮೇಲೆ ಎದ್ದು ಇಳಿಯುತ್ತಿದ್ದನಂತೆ. ಕಂಡಕ್ಟರ್ ಬೈಯುತ್ತಿದ್ದನಂತೆ. ಹೀಗೆ ಕಿಟಕಿ ಪಕ್ಕದ ಒಂದು ಸೀಟಿನ ಮೇಲೆ ಬೆಳೆದ ಪ್ರೀತಿ ಅದು.

ನಮ್ಮಕ್ಕನ ವಯಸ್ಸಿನವರಿಗೆಲ್ಲ ಮದುವೆಯಾಗಿ ಮಕ್ಕಳಾಗಿದ್ದವು. ಬಂದ ಗಂಡುಗಳನ್ನೆಲ್ಲ ಅವಳು ಒಂದಲ್ಲ ಒಂದು ನೆವ ಹೇಳಿ ಬೇಡವೆಂದಿದ್ದಳು. ಈಗ ಮಾದೇಶ ತಾನಾಗಿಯೇ ಮನೆಯಲ್ಲಿ ಹೇಳಿ ಹಿರಿಯರನ್ನು ಕಳಿಸಿದಾಗ ನಮ್ಮಮ್ಮನ ಕಣ್ಣಲ್ಲಿ ನೀರು ಬಂತು. ಎರಡೂ ಕಡೆ ಒಪ್ಪಿಗೆಯಾಯಿತು. ಹುಡುಗನ ತಾಯಿ ಸಣ್ಣಮ್ಮನವರು ಒಂದೇ ಒಂದು ಷರತ್ತು ಹಾಕಿದರು. "ಐನೋರು ಗಿಯ್ನೋರು ಬ್ಯಾಡ, ದುಡ್ ಕೊಟ್ರೆ ಅವ್ರು ಎಂಗ್ ಬೇಕಾದ್ರೂ ಬರ್ಕೊಡ್ತಾರೆ. ಮದ್ದೂರ್ನಾಗೆ ಕಂಪ್ಯೂಟ್ರು ಬಂದದಂತಲ್ಲ, ಅದು ಸುಳ್ಳಾಡಕಿಲ್ಲ, ಅದ್ರಾಗೆ ನೋಡ್ಸವ. ಅಲ್ಲಿ ಕೂಡ್ಬಂದ್ರೆ ಮದ್ವೆ, ಇಲ್ದಿದ್ರೆ ಇಲ್ಲ." ಆ ಕಂಪ್ಯೂಟರಿನ ಮುಂದೆ ಕೂರುವವನು ಹುಡುಗಿಯ ತಮ್ಮನೇ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅನುಮಾನ ಪಡಲಿಲ್ಲ. ಕಂಪ್ಯೂಟರಿನ ಮೇಲೆ ಅಷ್ಟು ನಂಬಿಕೆ.

ಅವರು ಬರುವ ದಿನ ನಾನು ಬೆಳಿಗ್ಗೆ ಬೇಗ ಹೋಗಿ ಅಂಗಡಿ ತೆಗೆದೆ. ಅಮ್ಮ ಚೀಟಿಯಲ್ಲಿ ಬರೆಸಿಕೊಟ್ಟಿದ್ದ ದಿನ, ಹೊತ್ತು ಹಾಕಿ ಒಂದು ಸಲ ಓಡಿಸಿ ನೋಡೋಣವೆಂದು ಕೂತೆ. ಬಂದ ಕಾಗದವನ್ನು ಎರಡೆರಡು ಸಲ ಓದಿದೆ. ಹುಡುಗಿಯದು ಮೂಲಾ ನಕ್ಷತ್ರ. ನಿಮಗೆ ಗೊತ್ತಲ್ಲ, ಮೂಲಾ ನಕ್ಷತ್ರದ ಹೆಣ್ಣು ಕಾಲಿಟ್ಟ ಮನೆಯಲ್ಲಿ ಮಾವ ಉಳಿಯುವುದಿಲ್ಲ ಎಂದು ನಮ್ಮ ಜನರ ನಂಬಿಕೆ. ಕಾಗದದಲ್ಲೂ ಅದನ್ನೇ ಬೆಂಗಳೂರಿನ ಭಾಷೆಯಲ್ಲಿ 'ಶ್ವಶುರ ಹಾನಿ' ಎಂದು ಬರೆದಿತ್ತು. ಸಣ್ಣಮ್ಮನವರು ಇದನ್ನು ಕೇಳಿದರೆ ಗಂಡನನ್ನು ಎಳೆದುಕೊಂಡು ಬಸ್ಸು ಹತ್ತುವುದು ಖಂಡಿತ. ರತ್ನಕ್ಕ ಇನ್ನೊಬ್ಬನನ್ನು ಒಪ್ಪುವುದಿಲ್ಲ, ಅದೂ ಖಂಡಿತ.

ಅಂಗಡಿಯ ಗೋಡೆಗೆ ಅಂಟಿಸಲೆಂದು ನಾವೇ ಕೂತು ಬರೆದಿದ್ದ ಒಂದು ಮಾದರಿ ಫಲ ಯಂತ್ರದಲ್ಲಿತ್ತು. ಅದರಲ್ಲಿ ಎಲ್ಲ ಗುಣವೂ ಕೂಡಿತ್ತು. ಇಂಥ ಜೋಡಿ ಮೂರು ಲೋಕದಲ್ಲೂ ಇಲ್ಲ ಎಂಬಂತಿತ್ತು. ಆಗ ಕಡತದ ಹೆಸರು ಎಂಟು ಅಕ್ಷರ ಮೀರುವಂತಿರಲಿಲ್ಲ. ಅದಕ್ಕೆ ನಾನು ಇಂಗ್ಲಿಷ್ ಅಕ್ಷರದಲ್ಲಿ 'ಒಳ್ಳೆಫಲ' ಎಂದು ಹೆಸರಿಟ್ಟಿದ್ದೆ, ಎಣಿಸಿ ಎಂಟು ಅಕ್ಷರ. ಅದರಲ್ಲಿ ಅಕ್ಕನ ಹೆಸರು, ಮಾದೇಶನ ಹೆಸರು ತುಂಬಿದೆ, ನಕ್ಷತ್ರ ಬದಲಿಸಿದೆ. ಆಮೇಲೆ ಬ್ಯಾಚ್ ಫೈಲಿನಲ್ಲಿ, ಲೆಕ್ಕ ಮುಗಿದ ಮೇಲೆ, ಪ್ರಿಂಟರಿಗೆ ಕಳಿಸುವುದಕ್ಕೆ ಸರಿಯಾಗಿ ಮುಂಚೆ, ಒಂದು ಸಾಲು ಸೇರಿಸಿದೆ. ಒಳ್ಳೆಫಲವನ್ನು ನಕಲು ಮಾಡಿ, ಲೆಕ್ಕದ ಫಲ ಬರೆದಿರುವ ರತ್ನ ಎಂಬ ಕಡತದ ಮೇಲೆ ಹಾಕು ಎಂದು ಅದರ ಅರ್ಥ. ಕೆಟ್ಟ ಫಲ ಅಳಿಸಿಹೋಗಿ ಒಳ್ಳೆಯದು ಬಂದು ಕೂರುತ್ತಿತ್ತು. ಎಂಥ ಬುದ್ಧಿವಂತ ನಾನು ಎಂದುಕೊಂಡೆ. ಎಕೋ ಆಫ್ ತೆಗೆದು ಎರಡು ವರ್ಷವಾಗಿದೆ ಎಂಬುದು ನೆನಪಿಗೇ ಬರಲಿಲ್ಲ.

ಹತ್ತು ಗಂಟೆಗೆ ಬೀಗರಾಗಲಿದ್ದವರು ಬಂದರು. ಸಣ್ಣಮ್ಮನವರು ಕುರ್ಚಿಯ ತುದಿಯಲ್ಲಿ ಕೈಮುಗಿದುಕೊಂಡೇ ಕೂತರು. ಹುಡುಗನ ತಂದೆ ಚನ್ನಪ್ಪನವರು ಪಂಚೆ, ಹೆಗಲ ಮೇಲೆ ಟವೆಲ್ಲು, ಕಿವಿಗೆ ದಾರ ಕಟ್ಟಿದ ಕನ್ನಡಕ. ಪೋಸ್ಟ್‌ಮ್ಯಾನ್ ಆಗಿದ್ದು ಆ ವರ್ಷವಷ್ಟೇ ನಿವೃತ್ತರಾಗಿದ್ದರು. ನಾನು ಹೆಸರು ಒತ್ತಿದೆ. ಅಕ್ಷರಗಳು ಓಡಿದವು. ಸಣ್ಣಮ್ಮನವರು, "ಅಬ್ಬಬ್ಬಾ, ಎಷ್ಟ್ ಕಷ್ಟ ಬೀಳ್ತದೆ ನೋಡಿ" ಎಂದರು. ಓಡಿ ಓಡಿ ಕೊನೆಗೆ ನಿಂತವು. ಪ್ರಿಂಟರು ಕರ್ರ್ ಎಂದು ಶುರುವಾಯಿತು. ಸಣ್ಣಮ್ಮನವರ ಗಮನ, ಸ್ವಾಮಣ್ಣನ ಗಮನ ಎರಡೂ ಪ್ರಿಂಟರಿನ ಕಡೆ ಹೋಯಿತು. ನಾನು ಹಾಯಾಗಿ ಪರದೆಯ ಕಡೆ ನೋಡಿದೆ.

ಆ ಸಾಲು ಅಲ್ಲೇ ನಿಂತಿತ್ತು. ಕಾಪಿ, ಒಳ್ಳೆಫಲ, ರತ್ನ. ಅದರ ಕೆಳಗೆ, ಯಾರೂ ಕೇಳದಿದ್ದರೂ, ಒಂದು ಕಡತ ನಕಲಾಯಿತು ಎಂದು ಯಂತ್ರ ತಾನೇ ಇಂಗ್ಲಿಷಿನಲ್ಲಿ ಒಪ್ಪಿಕೊಂಡಿತ್ತು. ಎರಡು ಪುಟ ಪ್ರಿಂಟಾಗಲು ಆಗಿನ ಪ್ರಿಂಟರಿಗೆ ಐದು ನಿಮಿಷ ಬೇಕು. ಆ ಐದು ನಿಮಿಷವೂ ಅದು ಅಲ್ಲಿಂದ ಕದಲುವಂತಿರಲಿಲ್ಲ. ಯಾರು ಓದುತ್ತಾರೆ ಬಿಡು ಎಂದುಕೊಂಡು ಪಕ್ಕಕ್ಕೆ ತಿರುಗಿದರೆ, ಚನ್ನಪ್ಪನವರು ಕನ್ನಡಕವನ್ನು ಮೂಗಿನ ಮೇಲೆ ಹಿಂದಕ್ಕೆ ತಳ್ಳಿ, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದಾರೆ. ಮೂವತ್ತು ವರ್ಷ ಎಂಥೆಂಥವರೋ ಗೀಚಿದ ಇಂಗ್ಲಿಷ್ ವಿಳಾಸ ಓದಿ ಮನೆಮನೆಗೆ ಕಾಗದ ಕೊಟ್ಟ ಮನುಷ್ಯ. ನನ್ನ ಅಕ್ಷರ ಅಚ್ಚಾಗಿ ಬೇರೆ ಬಂದಿತ್ತು.

"ಇಲ್ಲಿ ಟೀ ಎಲ್ ಸಿಗ್ತದಪ್ಪ? ಒಸಿ ತೋರ್ಸು ಬಾ" ಎಂದು ಎದ್ದರು. ನಾನು ಹಿಂದೆ ಹೋದೆ. ಪಕ್ಕದ ಹೋಟೆಲಿನಲ್ಲಿ ಅವರು ಎರಡು ವಡೆ ಹೇಳಿದರು. ಒಂದನ್ನು ಮುರಿದು, ನಿಧಾನವಾಗಿ ಅಗಿದು, ಆಮೇಲೆ ಕೇಳಿದರು.

"ಕಾಪಿ ಅಂದ್ರೆ ನಕ್ಲು ಮಾಡೋದು ತಾನೆ?"

"ಊಂ ಯಜಮಾನ್ರೆ."

"ಒಳ್ಳೆ ಫಲ ನಕ್ಲು ಮಾಡ್ದೆ. ಅಸ್ಲಿ ಫಲ ಏನ್ ಬಂದಿತ್ತು?"

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. "ಮೂಲಾ ನಕ್ಸತ್ರ" ಎಂದೆ. ಅಳು ಬಂದುಬಿಟ್ಟಿತು. "ನಮ್ಮಕ್ಕಂಗೆ ಗೊತ್ತಿಲ್ಲ ಯಜಮಾನ್ರೆ. ಅವ್ಳದೇನೂ ತಪ್ಪಿಲ್ಲ. ಎಲ್ಲಾ ನಾನೇ ಮಾಡಿದ್ದು."

ಚನ್ನಪ್ಪನವರು ವಡೆಯ ಇನ್ನೊಂದು ತುಂಡು ಬಾಯಿಗೆ ಹಾಕಿಕೊಂಡರು. "ಅಂದ್ರೆ ಓಗೋದು ನಾನು. ನಮ್ಮನೆಯವ್ಳಿಗೇನೂ ಆಗಕಿಲ್ಲ ತಾನೆ?"

"ಇಲ್ಲ. ಮಾವಂಗೆ ಮಾತ್ರ."

"ಎಮ್ಮೆ ಗಿಮ್ಮೆಗೆ?"

"ಇಲ್ಲ."

"ಸರಿ ಬುಡು. ನಮ್ಮನೆಯವ್ಳ ಮುಂದೆ ಬಾಯ್ ಬುಡ್ಬ್ಯಾಡ. ಸ್ವಾಮಾರ ನಮ್ಮಣ್ಣ ಬತ್ತಾನೆ, ಇಸ್ಕೂಲ್ ಮೇಷ್ಟ್ರಾಗಿದ್ದೋನು, ಅವನ ಮುಂದೆ ಇನ್ನೊಂದ್ ಸಲಿ ಓಡುಸ್ಬೇಕಾಯ್ತದೆ. ಅಷ್ಟ್ರಾಗೆ ಆ ಸಾಲು ಕಾಣ್ದಂಗೆ ಮಾಡು. ನಾನಾದ್ರೆ ಬರೀ ವಿಳಾಸ ಓದೋನು, ಅವ್ನು ಪುಸ್ತ್ಕಾನೇ ಓದ್ಬುಡ್ತಾನೆ."

ವಡೆ ತಿನ್ನುತ್ತಾ ತನ್ನ ಪ್ರಾಣವನ್ನು ನಮ್ಮಕ್ಕನಿಗಾಗಿ ಪಣಕ್ಕಿಟ್ಟ ಆ ಮನುಷ್ಯನ ಕಾಲಿಗೆ ಬೀಳೋಣವೆನ್ನಿಸಿತು. ಟೇಬಲ್ಲು ಅಡ್ಡವಿತ್ತು. ಅಲ್ಲದೆ ನನಗೆ ಅಷ್ಟರಲ್ಲಾಗಲೇ ಬೇರೆ ಚಿಂತೆ ಹತ್ತಿತ್ತು. ಒಂದೇ ಒಂದು ಸಾಲು ಕಾಣದಂತೆ ಮಾಡುವುದು ಹೇಗೆ? ಮೊದಲಿಗೇ ಎಕೋ ಆಫ್ ಹಾಕಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ, ಸಣ್ಣಮ್ಮನವರು ಮೊನ್ನೆ ಓಡಿದ್ದು ಇವತ್ಯಾಕೆ ಓಡಲಿಲ್ಲ ಎನ್ನುತ್ತಾರೆ. ಆ ಸಾಲಿಗೆ ಮುಂಚೆ ಮಾತ್ರ ಹಾಕೋಣವೆಂದರೆ 'ಎಕೋ ಆಫ್' ಎನ್ನುವುದೇ ಪರದೆಯ ಮೇಲೆ ಬಂದು ನಿಲ್ಲುತ್ತದೆ. ಏನನ್ನೋ ಬಚ್ಚಿಡುತ್ತಿದ್ದೇನೆ ಎಂದು ತಮಟೆ ಹೊಡೆದು ಸಾರಿದ ಹಾಗೆ.

ಶನಿವಾರ ಮಂಡ್ಯಕ್ಕೆ ಓಡಿ ನನಗೆ ಪಾಠ ಹೇಳಿದ್ದ ಮೇಷ್ಟರನ್ನು ಹಿಡಿದೆ. ಯಾಕೆ ಏನು ಎಂದು ಕೇಳದೆ ಅವರು, "ಸಾಲಿನ ಮುಂದೆ ಅಟ್ ಅನ್ನೋ ಗುರುತು ಹಾಕಯ್ಯ, ಅದೊಂದು ಸಾಲು ಮಾತ್ರ ಕಾಣೋದಿಲ್ಲ" ಎಂದರು. ಎರಡರ ಕೀಲಿಯ ತಲೆಯ ಮೇಲಿದ್ದು, ಯಾವತ್ತೂ ಯಾತಕ್ಕೂ ಬಾರದಿದ್ದ ಆ ಸುತ್ತಿಕೊಂಡ ಅಕ್ಷರ! ಈಗ ಅದಿಲ್ಲದೆ ಒಂದು ಇಮೇಲೂ ಹೋಗುವುದಿಲ್ಲ. ಅದು ಕಂಡಾಗಲೆಲ್ಲ ನನಗೆ ಇವತ್ತಿಗೂ ನಮ್ಮಕ್ಕನ ಮದುವೆಯೇ ನೆನಪಾಗುತ್ತದೆ.

ಸೋಮವಾರ ಎಲ್ಲರೂ ಬಂದರು. ಹೆಸರು ಒತ್ತಿದೆ. ಅಕ್ಷರ ಓಡಿತು, ಕಾಪಿಯ ಸಾಲು ಕಾಣಲಿಲ್ಲ. ಉಸಿರು ಬಿಟ್ಟೆ. ಆದರೆ ಅಟ್ ಹಾಕಿದರೆ ಅಪ್ಪಣೆ ಮಾತ್ರ ಮರೆಯಾಗುತ್ತದೆ, ಅಪ್ಪಣೆ ಮಾಡಿದ ಮೇಲೆ ಯಂತ್ರ ಹೇಳುವ ಮಾತು ಮರೆಯಾಗುವುದಿಲ್ಲ ಎಂದು ಮೇಷ್ಟರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒಂದು ಕಡತ ನಕಲಾಯಿತು ಎಂಬ ಸಾಲು ಹಲ್ಲುಕಿರಿದುಕೊಂಡು ಒಂಟಿಯಾಗಿ ನಿಂತಿತು. ಚನ್ನಪ್ಪನವರ ಅಣ್ಣ ಬಗ್ಗಿ ಗಟ್ಟಿಯಾಗಿ ಓದಿದರು. "ಒನ್ ಫೈಲ್ ಕಾಪೀಡ್. ಏನಪ್ಪ ಅಂಗಂದ್ರೆ?"

ನಾನು ಪ್ರಿಂಟರಿನ ಕಾಗದ ಸರಿಮಾಡತೊಡಗಿದೆ. ಚನ್ನಪ್ಪನವರು ಟವೆಲ್ಲು ಕೊಡವಿ, "ಅದು ಎಲ್ಲಾ ಎಣ್ಣಿಗೂ ಅಂಗೇ ಬತ್ತದೆ ಕಣಣ್ಣ. ನಮ್ಮ ಪೋಸ್ಟಾಪೀಸ್ನಾಗೆ ಸೀಲ್ ಒಡೆಯಾಕಿಲ್ವಾ, ಅಂಗೆ" ಎಂದರು. ಅಣ್ಣ ತಲೆದೂಗಿದರು. ಸಣ್ಣಮ್ಮನವರು, "ಸೀಲೂ ಬಿತ್ತು ಅನ್ನಿ" ಎಂದು ಸಂತೋಷಪಟ್ಟರು. ಎರಡು ತಿಂಗಳಲ್ಲಿ ಮದುವೆಯಾಯಿತು.

ಮದುವೆಯ ದಿನ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ನಾನು ಹುಡುಗಿಯ ಮಾವನನ್ನೇ ನೋಡುತ್ತಿದ್ದೆ. ಅಂದಿನಿಂದ ಹಿಡಿದ ಭಯ ನೋಡಿ. ಮದುವೆಯಾಗಿ ಮೂರು ತಿಂಗಳಿಗೆ ಅವರಿಗೆ ಟೈಫಾಯಿಡ್ ಬಂತು. ನಾನು ಮೂರು ದಿನ ಅಂಗಡಿಗೆ ಹೋಗದೆ ಮಳವಳ್ಳಿಯ ಆಸ್ಪತ್ರೆಯಲ್ಲಿ ಅವರ ಮಂಚದ ಕೆಳಗೆ ಮಲಗಿದ್ದೆ. ಇನ್ನೊಂದು ವರ್ಷ ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿತು. ಕೇಳಿದವನೇ ಅರ್ಧ ಡಜನ್ ಎಳನೀರು ಹೊತ್ತು ಓಡಿದೆ. ಆಮೇಲೆ ಸ್ವಾಮಣ್ಣನ ಅಂಗಡಿ ಮುಚ್ಚಿತು, ನಾನು ಮಂಡ್ಯದಲ್ಲಿ ಒಂದು ಖಾಸಗಿ ಕಾಲೇಜಿನ ಗುಮಾಸ್ತನಾದೆ, ಮದುವೆಯಾದೆ, ಕೂದಲು ಹೋಯಿತು. ಅಕ್ಕನ ಮಾವನವರ ನೆಗಡಿ, ಮಾವನವರ ಕೆಮ್ಮು, ಮಾವನವರ ಹಲ್ಲುನೋವು, ಯಾವುದನ್ನೂ ನಾನು ತಪ್ಪಿಸಿಕೊಳ್ಳಲಿಲ್ಲ. ಅವರು ಒಮ್ಮೆ ಸೀನಿದರೆ ನನಗೆ ಮಂಡ್ಯದಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. "ಎತ್ತಪ್ಪನ್ನ ನೋಡ್ಕಳ್ನಿಲ್ಲ ಇಂಗೆ, ಬೀಗ್ರ ಮ್ಯಾಲೆ ಏನ್ಲಾ ನಿಂಗೆ ಅಷ್ಟೊಂದ್ ಅಕ್ಕರೆ?" ಎಂದು ನಮ್ಮಮ್ಮ ಇದ್ದಷ್ಟು ದಿನವೂ ಕೇಳುತ್ತಿದ್ದಳು. ಹೋದಾಗಲೆಲ್ಲ ಚನ್ನಪ್ಪ ಮಾವ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಇನ್ನೂ ಇವ್ನಿ ಕಣಪ್ಪ" ಎನ್ನುತ್ತಿದ್ದರು. ನಮ್ಮಿಬ್ಬರ ಗುಟ್ಟು ಅದು. ನಾನು ನಗಲು ನೋಡುತ್ತಿದ್ದೆ, ಆಗುತ್ತಿರಲಿಲ್ಲ.

ಮಾವನಿಗೆ ಈಗ ಎಂಬತ್ತೈದು ದಾಟಿದೆ. ಕರಿಯ ಚೌಕ ನನ್ನನ್ನು ಕೆಣಕಿ ಹೋದ ಆ ಭಾನುವಾರ ಸಂಜೆಯೇ ಮಾದೇಶ ಭಾವ ಫೋನು ಮಾಡಿ, ಅಪ್ಪನಿಗೆ ಎರಡು ದಿನದಿಂದ ಜ್ವರ ಎಂದರು. ಆ ವಯಸ್ಸಿನ ಜ್ವರ. ಬೆಳಿಗ್ಗೆ ಮೊದಲ ಬಸ್ಸಿಗೆ ಮಳವಳ್ಳಿಗೆ ಹೋದೆ. ಮಾವ ಕಂಬಳಿ ಹೊದ್ದು ಮಲಗಿದ್ದರು. ಅಡುಗೆಮನೆಯಲ್ಲಿ ರತ್ನಕ್ಕ ಮುದ್ದೆಗೆ ಹಿಟ್ಟು ತಿರುವುತ್ತಿದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ. ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಮೂಲಾ ನಕ್ಷತ್ರ, ಒಳ್ಳೆಫಲ, ಕಾಪಿ, ಅಟ್, ಎಲ್ಲ. "ಮಾವಂಗೇನಾದ್ರೂ ಆದ್ರೆ ಅದು ನನ್ನಿಂದ ಆದಂಗೆ ಕಣಕ್ಕ" ಎಂದೆ.

ಅಕ್ಕ ಕೋಲು ನಿಲ್ಲಿಸಲಿಲ್ಲ.

"ನನ್ನ ನಕ್ಸತ್ರ ನಂಗ್ ಗೊತ್ತಿಲ್ವೇನ್ಲಾ? ಅವ್ವ ನಂಗೆ ಯಾವತ್ತೋ ಏಳಿದ್ಳು, ಬಾಯ್ ಬುಟ್ಟೀಯೆ ಅಂತ ಗದುರ್ಸಿದ್ಳು ಬ್ಯಾರೆ. ಬಂದೋರ್ನೆಲ್ಲ ನಾನು ಬ್ಯಾಡ ಬ್ಯಾಡ ಅಂತಿದ್ದಿದ್ದು ಯಾಕೆ ಅನ್ಕಂಡಿದ್ದೆ? ಮುಚ್ಚಿಟ್ಟು ಯಾರ್ ಮನೆಗೂ ಓಗಾಕೆ ನಂಗೆ ಮನಸ್ಸಿರ್ನಿಲ್ಲ. ನಿಮ್ ಭಾವಂಗೆ ಬಸ್‌ಸ್ಟಾಂಡ್ನಾಗೆ ನಾನೇ ಏಳ್ದೆ. ಇಂಗಿಂಗದೆ, ನಿಮ್ಮಪ್ಪನ್ನ ಕೇಳು, ಅವ್ರು ಊಂ ಅಂದ್ರೆ ಬಾ, ಇಲ್ದಿದ್ರೆ ಬ್ಯಾಡ ಅಂತ."

"ಮಾವ ಏನಂದ್ರು?"

"ಮೂವತ್ತ್ ವರ್ಸ ಊರೂರಿಗೆ ಸಾವಿನ್ ತಂತಿ ಕೊಟ್ಟಿವ್ನಿ, ಒಂದ್ರಾಗೂ ನಕ್ಸತ್ರದ ಎಸ್ರು ಇರ್ನಿಲ್ಲ, ಕರ್ಕಂಡ್ ಬಾ ಆ ಎಣ್ಣ ಅಂದ್ರಂತೆ."

"ಮತ್ತೆ ಅಂಗಡಿಗೆ ಯಾಕ್ ಬಂದ್ರು?"

"ಅತ್ತೆ ಅಟ. ಅತ್ತೆಗೆ ಓದಾಕೆಲ್ಲಿ ಬತ್ತಿತ್ತು? ಕಾಗ್ದದಾಗೆ ಏನಾರ ಬರ್ದಿರ್ಲಿ, ಚೆಂದಾಗದೆ ಅಂತ ನಾನೇ ಓದಿ ಏಳ್ತೀನಿ ಅಂತ ಮಾವ ಬಂದಿದ್ರು. ಅಷ್ಟ್ರಾಗೆ ನೀನೇ ಎಲ್ಲಾ ಮಾಡಿಟ್ಟಿದ್ದೆ. ದೊಡ್ಮಾವಂಗೂ ಗೊತ್ತಿತ್ತು. ಸ್ವಾಮಾರ ಬಂದಿದ್ದು ನಿನ್ನ ಮೊಕ ನೋಡಾಕೆ." ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಮುದ್ದೆ ಗಂಟಾಯಿತು.

ಅಂದರೆ ನಾನು ಮಾಡಿದ ಮಹಾ ಮೋಸದಿಂದ ಯಾರೂ ಮೋಸ ಹೋಗಿರಲಿಲ್ಲ. ಹೋದದ್ದು ಸಣ್ಣಮ್ಮತ್ತೆಯೊಬ್ಬರು, ಅವರೂ ಹೇಗಿದ್ದರೂ ಮೋಸ ಹೋಗುತ್ತಿದ್ದವರೇ. ಎರಡು ಮನೆಯ ಜನರೆಲ್ಲ ಬಲ್ಲ ವಿಷಯವನ್ನು ಅವರಿಗೇ ಗೊತ್ತಾಗದಂತೆ ಇಪ್ಪತ್ತೈದು ವರ್ಷ ಕಾಪಾಡಿದ್ದೆ. ಸಿಟ್ಟು ನೆತ್ತಿಗೇರಿತು. ಎದ್ದು ಹೋಗಿ ಮಂಚದ ಪಕ್ಕ ನಿಂತೆ. ಮಾವ ಎಚ್ಚರವಾಗೇ ಇದ್ದರು. ಜ್ವರ ಬಿಟ್ಟಂತಿತ್ತು.

"ಗೊತ್ತಿದ್ದೂ ನನ್ನ ಇಂಗೆ ಓಡಾಡ್ಸುದ್ರಲ್ಲ ಮಾವ, ಇದು ನ್ಯಾಯಾನಾ? ಒಂದ್ ದಿನ, ಒಂದ್ ಮಾತು ಏಳ್ಬಾರ್ದಾಗಿತ್ತಾ?"

ಮಾವ ಕಂಬಳಿ ಸರಿಸಿ, "ಏಳ್ಬುಟ್ಟಿದ್ರೆ ನೀನು ಬತ್ತಿದ್ಯಾ?" ಎಂದರು.

ಬರುತ್ತಿದ್ದೆ ಎನ್ನಲು ಬಾಯಿ ತೆರೆದೆ. ನನಗೆ ಇನ್ನೂ ಇಬ್ಬರು ಸೋದರಮಾವಂದಿರಿದ್ದಾರೆ, ಒಬ್ಬ ಚಿಕ್ಕಪ್ಪ ಕೊತ್ತತ್ತಿಯಲ್ಲೇ ಇದ್ದಾರೆ, ಮಂಡ್ಯದಿಂದ ಅರ್ಧ ಗಂಟೆಯ ದಾರಿ. ಅವರನ್ನು ನಾನು ನೋಡಿದ್ದು ಯಾರದೋ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ, ಎರಡು ವರ್ಷವಾಯಿತು. ಬಾಯಿ ಮುಚ್ಚಿಕೊಂಡು ಮಂಚದ ಮೇಲೆ ಕೂತೆ. ಮಾವ ಕಾಲು ಸರಿಸಿ ಜಾಗ ಮಾಡಿದರು.

ಇದಾಗಿ ಹತ್ತು ದಿನ. ನೆನ್ನೆ ಕಾಲೇಜಿಗೆ ರಜೆ ಹಾಕಿ ಮಳವಳ್ಳಿಗೆ ಹೋದೆ. ಯಾರೂ ಫೋನು ಮಾಡಿರಲಿಲ್ಲ. ಮಾವ ಜಗಲಿಯ ಮೇಲೆ ಬಿಸಿಲು ಕಾಯಿಸುತ್ತಾ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು, ಗುಂಡುಕಲ್ಲಿನಂತಿದ್ದರು. ನನ್ನನ್ನು ಕಂಡವರೇ ಅಡಕತ್ತರಿ ಕೆಳಗಿಟ್ಟು, ಗಾಬರಿಯಿಂದ ನನ್ನ ಮುಖವನ್ನೇ ನೋಡಿದರು.

"ಯಾಕಪ್ಪ, ಡಾಕ್ಟ್ರು ನನ್ ಇಚಾರ ನಿಂಗೇನಾದ್ರೂ ಏಳುದ್ರಾ?"

"ಏನೂ ಇಲ್ಲ ಮಾವ. ಸುಮ್ಕೆ ಬಂದೆ."

ಅವರು ನಂಬಲಿಲ್ಲ. ನಾನು ಊಟ ಮಾಡಿ, ಒಂದು ಕೋಳಿನಿದ್ದೆ ಮಾಡಿ, ಸಂಜೆಯ ಬಸ್ಸಿಗೆ ಹೊರಡುವ ತನಕವೂ ಆಗಾಗ ತಮ್ಮ ನಾಡಿ ತಾವೇ ಹಿಡಿದು ನೋಡಿಕೊಳ್ಳುತ್ತಿದ್ದರು.